ಒಂಬತ್ತನೇ ತಿರುವು ದಾಟಿಸಿದ್ದು ಯಾರು

ಅನುಮಾನ ಪಡುವುದೇ ನನ್ನ ಉದ್ಯೋಗವಾಗಿತ್ತು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಹದಿನೆಂಟು ವರ್ಷ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವಳು ನಾನು. ಹೊಲಿದು ಬಂದ ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಒಳಗೆ ಕೈ ತೂರಿಸಿ, ಎಲ್ಲಿ ತೂತಿದೆ, ಎಲ್ಲಿ ಎಣ್ಣೆ ಕಲೆ ಇದೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂದು ಹುಡುಕುವುದು, ಸಿಕ್ಕ ಕಡೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸುವುದು. ಚೆನ್ನಾಗಿ ಕಾಣುವ ಪೀಸನ್ನೇ ಎರಡು ಸಲ ನೋಡು ಎಂದು ನನಗೆ ಕೆಲಸ ಕಲಿಸಿದ ಹೆಂಗಸು ಹೇಳಿಕೊಟ್ಟಿದ್ದಳು. ಆ ಅಭ್ಯಾಸ ಮನೆಗೂ ಬಂತು. ಸೊಪ್ಪಿನ ಕಟ್ಟನ್ನು ನಡುವೆ ಬಿಚ್ಚಿ ನೋಡದೆ ನಾನು ಚೀಲಕ್ಕೆ ಹಾಕಿದವಳಲ್ಲ.

ನನ್ನ ಗಂಡ ಪೊಳ್ಳಾಚಿಯಿಂದ ವಾಲ್ಪಾರೈಗೆ ಹತ್ತುವ ಬಸ್ಸಿನ ಡ್ರೈವರ್ ಆಗಿದ್ದರು. ನಲವತ್ತು ತಿರುವುಗಳ ದಾರಿ ಅದು. ಇಪ್ಪತ್ತೆರಡು ವರ್ಷ ಅದನ್ನೇ ಹತ್ತಿದರು, ಅದನ್ನೇ ಇಳಿದರು. ಅವರ ಮನೆತನ ಉಡುಮಲೈ ಕಡೆಯ ಒಕ್ಕಲು. ಎಷ್ಟೋ ತಲೆಮಾರಿನಿಂದ ಅಲ್ಲೇ ನೆಲೆಸಿದವರು. ಕನ್ನಡ ಮನೆಯೊಳಗೆ ಮಾತ್ರ, ಹೊಸ್ತಿಲು ದಾಟಿದರೆ ತಮಿಳು. ಅವರಿಗೆ ಕನ್ನಡ ಓದಲು ಬಾರದು. ನಾನು ತಾಳವಾಡಿ ಬೆಟ್ಟದವಳು, ಕನ್ನಡ ಶಾಲೆಯಲ್ಲಿ ಓದಿದವಳು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಅವರು ಓದಲಾರರು ಎಂಬ ಧೈರ್ಯವೂ ಸ್ವಲ್ಪ ಇದೆ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವರ ಎಡಗೈಯಲ್ಲಿದ್ದ ಚೊಂಬು ಜಾರಿ ಬಿತ್ತು. ಎತ್ತಲು ಬಗ್ಗಿದವರು ಎತ್ತಲಾಗದೆ ಚೊಂಬನ್ನೇ ನೋಡುತ್ತ ನಿಂತರು. ಬಾಯಿ ಒಂದು ಕಡೆ ವಾರೆಯಾಗಿತ್ತು. ಸ್ಟ್ರೋಕ್ ಎಂದರು ಆಸ್ಪತ್ರೆಯಲ್ಲಿ. ಜೀವ ಉಳಿಯಿತು, ಮಾತು ಮರಳಿತು, ಕೋಲು ಹಿಡಿದು ನಡೆಯುವಷ್ಟಾದರು. ಎಡಗೈ ಮಾತ್ರ ಬರಲಿಲ್ಲ. ಡ್ರೈವರ್ ಕೆಲಸ ಮುಗಿಯಿತು. ನಾನೂ ಚೆಕಿಂಗ್ ಬಿಟ್ಟೆ. ನಮ್ಮ ಒಬ್ಬಳೇ ಮಗಳು ತುಡಿಯಲೂರಿನ ಒಂದು ಪಂಪ್ ತಯಾರಿಸುವ ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ಹಾಕುವ ಕೆಲಸದಲ್ಲಿದ್ದಳು. ಅವಳ ಕೆಲಸದ ಹತ್ತಿರವೇ ಮನೆ ಹಿಡಿದು ಉಡುಮಲೈಯಿಂದ ಬಂದೆವು.

ಅದೇ ನಗರದ ಇನ್ನೊಂದು ಬಡಾವಣೆಯಾದ ಆರ್.ಎಸ್. ಪುರಂನಲ್ಲಿ ಕೈಗೆ ಎಕ್ಸರ್‌ಸೈಜ್ ಮಾಡಿಸುವ ಹುಡುಗಿಯೊಬ್ಬಳಿದ್ದಳು. ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದಳು. ಮೊದಲ ವಾರ ಹಿಸುಕಿದರು. ಎರಡನೇ ವಾರ ಬಲಗೈಯಿಂದ ಎತ್ತಿ ಕಾಂಪೌಂಡಿನಾಚೆ ಎಸೆದರು.

"ನಾಯಿಮರಿಗೆ ಕೊಡೋ ಚೆಂಡು ಅದು. ನಂಗ್ಯಾಕೆ?" ಎಂದರು.

ಮಗಳು ಒಂದು ಭಾನುವಾರ ಟಿವಿಗೆ ಸಿಕ್ಕಿಸುವ ಗೇಮ್ ಪೆಟ್ಟಿಗೆಯೊಂದನ್ನು ಹೊತ್ತು ತಂದಳು. ಅವಳ ಜೊತೆ ಕೆಲಸ ಮಾಡುವವರು ಯಾರೋ ಹೊಸದು ತಗೊಂಡು ಹಳೆಯದನ್ನು ಬಿಟ್ಟುಕೊಟ್ಟಿದ್ದರಂತೆ. ಎರಡೂ ಕೈಯಲ್ಲಿ ಹಿಡಿಯುವ ಒಂದು ಕಂಟ್ರೋಲರ್. ಎಡ ಹೆಬ್ಬೆರಳಿನ ಕೆಳಗೆ ಒಂದು ಸಣ್ಣ ಕಡ್ಡಿ. ಅದನ್ನು ಅತ್ತಿತ್ತ ಒತ್ತಿದರೆ ಟಿವಿಯಲ್ಲಿ ಲಾರಿ ತಿರುಗುತ್ತದೆ. ಬಲ ಬೆರಳುಗಳಲ್ಲಿ ಆಕ್ಸಿಲರೇಟರ್ ಮತ್ತು ಬ್ರೇಕ್.

"ಎಡ ಹೆಬ್ಬೆರಳು ಓಡಾಡ್ಬೇಕು ಅಷ್ಟೆ ಮಾ. ಚೆಂಡಾದ್ರೇನು, ಲಾರಿಯಾದ್ರೇನು?" ಎಂದಳು.

ನನಗೆ ನಂಬಿಕೆ ಬರಲಿಲ್ಲ. ಇವಳಿಗೆ ಆಡುವ ಆಸೆ, ಅಪ್ಪನ ಕೈ ಒಂದು ನೆಪ ಎಂದುಕೊಂಡೆ. ಎಕ್ಸರ್‌ಸೈಜ್ ಹುಡುಗಿಯನ್ನೂ ಕೇಳಿದೆ. ಅವಳು ತಕ್ಷಣ "ಸೂಪರ್ ಐಡಿಯಾ ಆಂಟಿ" ಎಂದಳು. ಅಷ್ಟು ಬೇಗ ಒಪ್ಪಿದ್ದು ನನಗೆ ಇನ್ನಷ್ಟು ಅನುಮಾನ ತಂದಿತು.

ಆದರೆ ಅವರು ಕೂತರು. ಯಾವುದೋ ಹೆಸರಿಲ್ಲದ ಬೆಟ್ಟದ ದೇಶ, ಒಂದು ಹಳೇ ಲಾರಿ, ಒಂದೂರಿಂದ ಇನ್ನೊಂದೂರಿಗೆ ಸಾಮಾನು ಸಾಗಿಸುವ ಆಟ. ಮೊದಲೆರಡು ದಿನ ಲಾರಿ ಬೇಲಿಗೆ ಗುದ್ದಿತು, ಹಸುಗಳ ನಡುವೆ ನುಗ್ಗಿತು. ಮೂರನೇ ದಿನದ ಹೊತ್ತಿಗೆ ಅವರ ಕೂರುವ ಭಂಗಿಯೇ ಬದಲಾಯಿತು. ಬೆನ್ನು ನೆಟ್ಟಗಾಯಿತು. ತಿರುವು ಬಂದಾಗ ಇಡೀ ಮೈ ಅದರ ಜೊತೆ ವಾಲುತ್ತಿತ್ತು. ಎಷ್ಟೋ ತಿಂಗಳ ಮೇಲೆ ಅವರ ಬಾಯಲ್ಲಿ ಬೈಗುಳ ಕೇಳಿದೆ. ಎದುರಿಗೆ ಬಂದ ಕಾರಿನವನಿಗೆ ಬೈಯುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಸಂತೋಷವೇ ಆಯಿತು, ಸುಳ್ಳು ಹೇಳಬಾರದು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಇಳಿಜಾರು ಬಂತು. ಮಳೆ ಸುರಿಯುತ್ತಿದೆ, ತಡೆಗೋಡೆ ಇಲ್ಲ, ಹಿಂದೆ ತುಂಬಿದ ಲೋಡು. ಹದಿನಾಲ್ಕು ತಿರುವು ಇಳಿದರೆ ಕೆಳಗಿನ ಊರು. ಎಂಟು ತಿರುವು ಅವರು ಸಲೀಸಾಗಿ ಇಳಿದರು. ಒಂಬತ್ತನೆಯದು ಎಡಕ್ಕೆ, ಮಡಚಿದ ಮೊಣಕೈಯಂತೆ ಇತ್ತು. ಹೆಬ್ಬೆರಳನ್ನು ಪೂರ್ತಿ ಎಡಕ್ಕೆ ಒತ್ತಿ ಹಾಗೇ ಹಿಡಿದಿರಬೇಕು. ಹೆಬ್ಬೆರಳು ಅರ್ಧಕ್ಕೆ ಹೋಗಿ ಸೋಲುತ್ತಿತ್ತು. ಲಾರಿ ಕಣಿವೆಗೆ ಹೋಗುತ್ತಿತ್ತು. ತಗಡು ನುಜ್ಜುಗುಜ್ಜಾಗುವ ಸದ್ದು, ಅದರ ಮೇಲೆ ಎರಡು ಮೂರು ಮೃದುವಾದ ಪಿಯಾನೋ ಸ್ವರ. ಮತ್ತೆ ಮೊದಲನೇ ತಿರುವಿನಿಂದ.

ನಾಲ್ಕನೇ ಸಲವೋ ಐದನೇ ಸಲವೋ ಬಿದ್ದಾಗ ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರಹ ಬಂತು. ಮಗಳು ಓದಿ ಹೇಳಿದಳು. "ಈ ಭಾಗ ಕಷ್ಟ ಆಗ್ತಿದೆಯಾ? ಬೇಕಂದ್ರೆ ದಾಟಿಸಿ ಮುಂದಕ್ಕೆ ಬಿಡ್ತೀವಿ. ನಿಮಗೇನೂ ನಷ್ಟ ಇಲ್ಲ. ಹಂಗಂತ ಕೇಳ್ತಿದೆ ಅಪ್ಪಾ. ಹಸಿರು ಬಟನ್ ಒತ್ತಿದ್ರೆ ಮುಂದಿನ ಊರು."

ಅವರು ಟಿವಿಯನ್ನೇ ದಿಟ್ಟಿಸಿದರು. "ನಂಗೆ ಕಷ್ಟ ಅಂತ ಇದ್ಕೆ ಯಾರು ಹೇಳಿದ್ದು?"

"ಐದು ಸಲ ಬಿದ್ರಲ್ಲ, ಅದ್ಕೆ ಗೊತ್ತಾಗತ್ತೆ."

"ಎಣಿಸ್ತಾ ಕೂತಿದೆಯಾ? ಬೇಡ, ವೇಂಡಾಂ. ತೆಗಿ ಅದನ್ನ."

ನನಗೆ ಬೇರೆಯೇ ಅನುಮಾನ. ಕಷ್ಟದಲ್ಲಿರುವವರ ಹತ್ತಿರ ಬಂದು ನಯವಾಗಿ ಮಾತಾಡುವವರನ್ನು ನಾನು ಬಹಳ ನೋಡಿದ್ದೇನೆ. ಇವತ್ತು ಪುಕ್ಕಟೆ ದಾಟಿಸುತ್ತದೆ, ನಾಳೆ ದಾಟಿಸಲು ಏನು ಕೇಳುತ್ತದೋ ಎಂದೆ. ಮಗಳು ನಕ್ಕಳು. ಫೋನಿನ ಕೆಲವು ಆಟಗಳಲ್ಲಿ ಹಾಗೆ ಕೇಳುವುದುಂಟು, ಇದರಲ್ಲಿಲ್ಲ ಎಂದಳು.

"ಮತ್ತೆ ಯಾಕೆ ಇಟ್ಟಿದಾರೆ? ಕಷ್ಟ ಇಲ್ದಿದ್ರೆ ಅದೆಂಥಾ ಆಟ?"

"ಅಪ್ಪನ ಬೆರಳು ಕೊನೇವರ್ಗೂ ಅಷ್ಟೇ ತಿರುಗಿದ್ರೆ? ಆಮೇಲಿರೋ ಊರೆಲ್ಲ ಅವರು ನೋಡ್ಲೇಬಾರ್ದಾ ಮಾ? ಬೇಡಾದೋರು ಒತ್ಬೇಡಿ. ಬೇಕಾದೋರ್ಗೆ ಇರ್ಲಿ."

ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಆದರೂ ನನಗೆ ಕಂಪನಿಯ ಒಂದು ದಿನ ನೆನಪಾಯಿತು. ಮಾಲು ಹೊರಡುವ ಅವಸರ. ಕತ್ತಿನ ಹೊಲಿಗೆ ಬಿಚ್ಚಿಕೊಂಡಿದ್ದ ಪೀಸುಗಳನ್ನು ನಾನು ಪಕ್ಕಕ್ಕೆ ಹಾಕುತ್ತಿದ್ದೆ. ಮೇಲಿನವರೊಬ್ಬರು ಬಂದು ಬಹಳ ಕರುಣೆಯಿಂದ, "ಕಣ್ಣು ನೋವಾಗತ್ತೆ ಅಕ್ಕಾ, ಬಿಟ್ಬಿಡಿ, ಕಷ್ಟದ್ದೆಲ್ಲ ಬಿಟ್ಟು ಸುಲಭದ್ದು ನೋಡಿ" ಎಂದರು. ಬಿಟ್ಟೆವು. ಇಡೀ ಮಾಲು ವಾಪಸು ಬಂದಾಗ ಅವರು ನಮ್ಮ ಹತ್ತಿರ ಸುಳಿಯಲೂ ಇಲ್ಲ. ನಾವು ಎಂಟು ಹೆಂಗಸರು ಒಂದು ವಾರ ಹೊಲಿಗೆ ಬಿಚ್ಚುತ್ತ ಕೂತೆವು. ಬಿಟ್ಟುಬಿಡು ಎಂದು ಹೇಳುವವರು ಬೇರೆ, ಆಮೇಲೆ ಅನುಭವಿಸುವವರು ಬೇರೆ ಎಂಬುದು ಅಂದಿನಿಂದ ನನ್ನ ತಲೆಯಲ್ಲಿ ಕೂತಿದೆ.

ಅವರು ಆ ತಿರುವನ್ನು ಬಿಡಲಿಲ್ಲ. ಬೆಳಿಗ್ಗೆ ಇಡ್ಲಿ ತಿಂದು ಕೂತರೆ ರಾತ್ರಿ ಹನ್ನೊಂದೂವರೆಗೆ ನಾನು ಟಿವಿ ಆರಿಸುವವರೆಗೆ ಅದೇ. ಸ್ನಾನ, ಮಾತ್ರೆ, ಊಟ ಎಲ್ಲಕ್ಕೂ ನಾಲ್ಕು ಸಲ ಕರೆಯಬೇಕಿತ್ತು. ತಗಡಿನ ಸದ್ದು, ಪಿಯಾನೋ, ಮತ್ತೆ ಮಳೆ. ಒಗ್ಗರಣೆಗೆ ಸಾಸಿವೆ ಸಿಡಿಯುವುದೂ ನನಗೆ ಆ ಸದ್ದಿನ ಹಾಗೇ ಕೇಳಿಸತೊಡಗಿತು. ಪ್ರತಿ ಸಲ ಬಿದ್ದಾಗಲೂ ಆ ಬರಹ ಬರುತ್ತಿತ್ತು. ಅದು ಬಂದೊಡನೆ ಅವರ ಮುಖ ಕೆಂಪಾಗುತ್ತಿತ್ತು. ಮೂರನೇ ವಾರ ಆರ್.ಎಸ್. ಪುರಂನಲ್ಲಿ ಬಿಪಿ ನೋಡಿದಾಗ ಏರಿತ್ತು. ಟೆನ್ಷನ್ ಮಾಡಿಕೊಳ್ಳಲು ಬಿಡಬೇಡಿ ಎಂದು ಎಕ್ಸರ್‌ಸೈಜ್ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು.

ಮಾರನೇ ಬೆಳಿಗ್ಗೆ ಅವರು ಎಂದಿನಂತೆ ಒಂಬತ್ತನೇ ತಿರುವಿನಲ್ಲಿ ಬಿದ್ದು, ಕಂಟ್ರೋಲರನ್ನು ಸೋಫಾದ ಮೇಲಿಟ್ಟು, ಕೋಲು ಹಿಡಿದು ಬಚ್ಚಲಿಗೆ ಹೋದರು. ಅವರು ಹೋದರೆ ಬರಲು ಕಾಲು ಗಂಟೆ. ನಾನು ಇಡ್ಲಿಗೆ ಅಕ್ಕಿ ತೊಳೆಯುತ್ತಿದ್ದವಳು ಕೈ ಒದ್ದೆಯಿರುವಾಗಲೇ ಹೊರಗೆ ಬಂದೆ. ಟಿವಿಯ ಮೇಲೆ ಆ ಬರಹ ನಿಂತಿತ್ತು. ನನಗೆ ಬರುವ ಇಂಗ್ಲಿಷು ಕಂಪನಿಯ ರಟ್ಟಿನ ಪೆಟ್ಟಿಗೆಗಳ ಮೇಲಿದ್ದಷ್ಟೇ, ಆದರೆ ಹಸಿರು ಬಟನ್ ಯಾವುದೆಂದು ಗೊತ್ತಿತ್ತು. ಒತ್ತಿದೆ. ಖಂಡಿತವೇ ಎಂದು ಅದು ಇನ್ನೊಮ್ಮೆ ಕೇಳಿದಂತಿತ್ತು. ಇನ್ನೊಮ್ಮೆ ಒತ್ತಿದೆ. ಟಿವಿ ಕಪ್ಪಾಗಿ, ಬೆಳಕಾಗಿ, ಲಾರಿ ಬಯಲಿನಲ್ಲಿ ನಿಂತಿತ್ತು. ಮಳೆ ಇರಲಿಲ್ಲ. ಎರಡೂ ಕಡೆ ಹಳದಿ ಹೂವಿನ ಹೊಲ.

ಕಂಟ್ರೋಲರಿನ ಮೇಲಿದ್ದ ನೀರನ್ನು ಸೆರಗಿನಿಂದ ಒರೆಸಿ, ಹೇಗಿತ್ತೋ ಹಾಗೇ ಇಟ್ಟು, ಒಳಗೆ ಬಂದು ಮತ್ತೆ ಅಕ್ಕಿ ತೊಳೆದೆ.

ಅವರು ಬಂದು ಕೂತ ಸದ್ದು ಕೇಳಿಸಿತು. ಆಮೇಲೆ "ಇಲ್ಲಿ ಬಾ" ಎಂದರು.

"ಏನುಂಗ?" ಎಂದು ಎಂದಿನ ಮರ್ಯಾದೆಯಲ್ಲೇ ಕೇಳಿ ಬಾಗಿಲಲ್ಲಿ ನಿಂತೆ.

"ಯಾರು ಬಂದಿದ್ರು?"

"ಯಾರೂ ಬರ್ಲಿಲ್ಲ. ಯಾಕುಂಗ?"

ಸುಳ್ಳು ಅಷ್ಟು ಸಲೀಸಾಗಿ ಬಂತು. ಒಂದು ಅರ್ಥದಲ್ಲಿ ಅದು ಸುಳ್ಳೂ ಅಲ್ಲ, ಯಾರೂ ಬಂದಿರಲಿಲ್ಲ. ಅವರು ಮತ್ತೇನೂ ಕೇಳಲಿಲ್ಲ. ಆಡಲೂ ಇಲ್ಲ. ಹಳದಿ ಹೂವಿನ ಹೊಲದಲ್ಲಿ ಲಾರಿ ಹಾಗೇ ನಿಂತಿತ್ತು.

ಸಂಜೆ ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದರು. "ನಿನ್ ಫೋನಿಂದಾನೇ ಇದನ್ನ ಓಡಿಸ್ಬೋದು ಅಂತ ಒಂದಿನ ತೋರಿಸ್ದೆಯಲ್ಲ?"

"ಹೂಂ ಅಪ್ಪಾ. ಯಾಕೆ?"

"ಇವತ್ತು ಆಫೀಸಿಂದ ಒತ್ತಿದ್ಯಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇಲ್ಲ ಎಂದಳು. ಸತ್ಯ ಮಾಡಿ ಹೇಳು ಎಂದರು. ಸತ್ಯವಾಗಿ ಇಲ್ಲ ಎಂದಳು. ಅವರು ನಂಬಲಿಲ್ಲ. ದಾಟಿಸುವ ಬಟನ್ ಇರಲಿ ಎಂದವಳು ಅವಳೇ, ದಾಟಿಸುವ ವಿದ್ಯೆ ಗೊತ್ತಿದ್ದವಳೂ ಅವಳೇ. ಚೆಕಿಂಗ್ ಟೇಬಲ್ಲಿನಲ್ಲಿ ನಾನಿದ್ದರೂ ಅವಳ ಮೇಲೇ ಸ್ಟಿಕ್ಕರ್ ಅಂಟಿಸುತ್ತಿದ್ದೆ. ನಾನು ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರು ದಿನ ಅವರು ಮಗಳ ಜೊತೆ ಮಾತಾಡಲಿಲ್ಲ. ಅವಳ ಸ್ಕೂಟರಿನಲ್ಲಿ ಹೋಗುವುದು ಬಿಟ್ಟು ಆಟೋ ಕರೆಸಿದರು. ಅವಳು ಕಲಸಿಟ್ಟ ಮೊಸರನ್ನವನ್ನು ಮುಟ್ಟಲಿಲ್ಲ. ನಾನು ಅದನ್ನೇ ಬೇರೆ ತಟ್ಟೆಗೆ ಹಾಕಿ ಕೊಟ್ಟರೆ ತಿಂದರು. ಇನ್ನು ಎರಡು ದಿನದಲ್ಲಿ ಎಲ್ಲರೂ ಮರೆತುಹೋಗುತ್ತಾರೆ ಎಂದು ನಾನು ನನಗೇ ಹೇಳಿಕೊಂಡೆ.

ನಾಲ್ಕನೇ ದಿನ ಮಗಳು ಅಡುಗೆಮನೆಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಮಾ, ಅಪ್ಪಾನೇ ಒತ್ತಿರ್ಬೇಕು."

"ಛೀ, ಅವರು ಒತ್ತಲ್ಲ."

"ಬೇಕಂತ ಅಲ್ಲ. ಒತ್ತಿ ಮರ್ತಿದಾರೆ. ಸ್ಟ್ರೋಕ್ ಆದೋರ್ಗೆ ಮರೆವು ಶುರುವಾಗತ್ತಂತೆ. ಸಿಟ್ಟೂ ಬರತ್ತಂತೆ, ಸುಮ್‌ಸುಮ್ನೆ ಅನುಮಾನ ಪಡ್ತಾರಂತೆ. ನಾಡಿದ್ದು ದೊಡ್ಡ ಡಾಕ್ಟ್ರ ಹತ್ರ ಹೋಗ್ತೀವಲ್ಲ, ಹೇಳ್ಬಿಡ್ತೀನಿ."

"ಅದೆಲ್ಲ ಏನೂ ಇಲ್ಲ ಕಂದಾ, ಬಿಡು" ಎಂದೆ. ಅವಳು ನನ್ನ ಮುಖ ನೋಡಿದಳು. ಗಂಡನ ಕಾಯಿಲೆಯನ್ನು ಒಪ್ಪಿಕೊಳ್ಳಲು ಅಮ್ಮನಿಗೆ ಭಯ ಎಂದು ತಿಳಿದುಕೊಂಡಿರಬೇಕು. ಭುಜ ತಟ್ಟಿ ಹೋದಳು.

ದೊಡ್ಡ ಡಾಕ್ಟರು ಆರ್.ಎಸ್. ಪುರಂನಲ್ಲೇ, ಮೂರು ತಿಂಗಳಿಗೊಮ್ಮೆ ನೋಡುವವರು. ಮಗಳು ನಿಜವಾಗಿಯೂ ಹೇಳಿದಳು. ಅಪ್ಪನಿಗೆ ಕೇಳಿಸದಂತೆ ಹೇಳಬೇಕೆಂದಿದ್ದಳು, ಆದರೆ ಡಾಕ್ಟರಿಗೆ ಕಿವಿ ಸ್ವಲ್ಪ ಮಂದ. ಅವರು ಜೋರಾಗಿ ತಮಿಳಿನಲ್ಲಿ "ಮರೆವಾ?" ಎಂದು ಕೇಳಿ, ಇವರ ಕಡೆ ತಿರುಗಿ ಕುರ್ಚಿ ಎಳೆದುಕೊಂಡರು. ಇವತ್ತು ಯಾವ ವಾರ? ಇದು ಯಾವ ಊರು? ಮೂರು ಹೆಸರು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ: ಬೀಗದ ಕೈ, ಛತ್ರಿ, ಬಾಳೆಹಣ್ಣು. ನೂರರಿಂದ ಏಳೇಳು ಕಳೆಯುತ್ತ ಬನ್ನಿ.

ನನ್ನ ಗಂಡ ಮೊದಲು ಮಗಳನ್ನು ನೋಡಿದರು, ಆಮೇಲೆ ಮೇಜನ್ನು. "ತೊಂಬತ್ತಮೂರು" ಎಂದರು. "ಎಂಬತ್ತಾರು." ಶಾಲೆಯಲ್ಲಿ ಎದ್ದು ನಿಲ್ಲಿಸಿದ ಮಗುವಿನ ಹಾಗೆ, ಬಲಗೈಯಿಂದ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಎಪ್ಪತ್ತ..." ಎಂದು ನಿಂತರು. ತುಂಬಿದ ಬಸ್ಸನ್ನು ನಲವತ್ತು ತಿರುವು ಇಳಿಸಿದ ಮನುಷ್ಯನ ಹಣೆಯಲ್ಲಿ ಬೆವರು ಕಂಡಿತು.

"ಅವರಿಗೆ ಮರೆವಿಲ್ಲ ಸಾರ್" ಎಂದೆ. "ಒತ್ತಿದ್ದು ನಾನು."

ಡಾಕ್ಟರಿಗೆ ಏನೂ ತಿಳಿಯಲಿಲ್ಲ. ಏನು ಒತ್ತಿದಿರಿ ಎಂದು ಕೇಳಿದರು. ವಿಡಿಯೋ ಗೇಮ್, ಒಂಬತ್ತನೇ ತಿರುವು, ಹಸಿರು ಬಟನ್ ಎಂದೆಲ್ಲ ನಾನು ಹೇಳುತ್ತಿದ್ದರೆ ಹೊರಗೆ ಕಾದಿದ್ದವರಲ್ಲಿ ಒಬ್ಬರು ಪರದೆ ಸರಿಸಿ ಇಣುಕಿದರು. ಮಗಳು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದಳು. ಇವರು ನೋಡಲಿಲ್ಲ. ಮೇಜಿನ ಕಡೆಗೇ ಮುಖ ಇಟ್ಟು "ಎಪ್ಪತ್ತೊಂಬತ್ತು" ಎಂದರು. "ಎಪ್ಪತ್ತೆರಡು. ಬೀಗದ ಕೈ, ಛತ್ರಿ, ಬಾಳೆಹಣ್ಣು."

ಮನೆಗೆ ಬಂದು ನೀರು ಕುಡಿದು ಕೂತ ಮೇಲೆ ಅವರೇ ಶುರು ಮಾಡಿದರು. ಕೂಗಾಡಲಿಲ್ಲ.

"ಘಾಟ್ ಇಳೀವಾಗ ಬಸ್ಸಲ್ಲಿ ಕೂತೋರು ಕಣ್ ಮುಚ್ಕೋತಾರೆ. ವಾಂತಿ ಬರತ್ತೆ, ಭಯ ಆಗತ್ತೆ. ಮುಚ್ಕೊಳ್ಳಿ, ಅದು ಅವರಿಷ್ಟ. ಸ್ಟೇರಿಂಗ್ ಹಿಡಿದೋನ ಕಣ್ಣ ಹಿಂದಿಂದ ಬಂದು ಯಾರಾದ್ರೂ ಮುಚ್ತಾರಾ?"

"ಬಿಪಿ ಏರಿತ್ತಲ್ಲುಂಗ, ಅದಕ್ಕೇ..."

"ಬಿಪಿಗಾ?" ಅವರು ನನ್ನನ್ನು ನೋಡಿದರು. "ಆ ಸದ್ದು ಕೇಳೋಕಾಗ್ದೆ ಒತ್ದೆ ನೀನು."

ಯಾವುದಕ್ಕಾಗಿ ಒತ್ತಿದೆನೆಂದು ಆ ಐದು ದಿನ ನಾನೇ ನನ್ನನ್ನು ಬೆಳಕಿಗೆ ಹಿಡಿದು ನೋಡಿದ್ದೆ. ಅವರ ಆರೋಗ್ಯದ ಯೋಚನೆ ಇತ್ತು, ಇಲ್ಲವೆನ್ನಲಾರೆ. ಆದರೆ ಒತ್ತಿದ ಕ್ಷಣದಲ್ಲಿ ಮನಸ್ಸಿಗೆ ಬಂದದ್ದು ಇನ್ನು ಆ ತಗಡಿನ ಸದ್ದು ಇರುವುದಿಲ್ಲ ಎಂಬುದೇ. "ಹೌದುಂಗ" ಎಂದೆ.

ಅವರು ಮಗಳ ಕಡೆ ತಿರುಗಿದರು. "ಊಟ ಮಾಡಿದ್ಯಾ?" ಎಂದು ಕೇಳಿದರು. ಅಷ್ಟೇ. ಅವಳು ಅತ್ತಳು, ಅಳುತ್ತಲೇ ನನ್ನ ಮೇಲೆ ರೇಗಿದಳು. ಅವರಿಗೆ ಮರೆವಿನ ಕಾಯಿಲೆ ಎಂದು ತಾನು ಮೂರು ರಾತ್ರಿ ಫೋನಿನಲ್ಲಿ ಅದನ್ನೇ ಓದಿದ್ದಾಗಿ ಹೇಳಿದಳು. ನಾನು ಕೇಳಿಸಿಕೊಂಡೆ. ಕೇಳಿಸಿಕೊಳ್ಳಬೇಕಾದದ್ದೇ ಆಗಿತ್ತು.

ಆಮೇಲೆ ಅವಳು ಟಿವಿ ಹಾಕಿ ಆಟದ ನಕ್ಷೆ ತೆಗೆದಳು. ಓಡಿಸಿ ದಾಟಿದ ದಾರಿಗಳೆಲ್ಲ ಗಟ್ಟಿ ಗೆರೆ. ನಾನು ದಾಟಿಸಿದ ಇಳಿಜಾರು ಮಾತ್ರ ಚುಕ್ಕಿ ಗೆರೆ. ಬೇಕಾದಾಗ ಅಲ್ಲಿಗೆ ಹಿಂದಿರುಗಬಹುದು, ಇಲ್ಲಿಯವರೆಗೆ ಆಡಿದ್ದೇನೂ ಹೋಗುವುದಿಲ್ಲ ಎಂದಳು.

"ಮೊದ್ಲೇ ಹೇಳ್ಬೇಕಿತ್ತು" ಎಂದರು ಅವರು.

"ನೀವು ಎಲ್ಲಿ ಕೇಳಿದ್ರಿ?"

ಅವರು ಲಾರಿಯೊಡನೆ ಮತ್ತೆ ಆ ಇಳಿಜಾರಿನ ಮೇಲಕ್ಕೆ ಹೋದರು, ಮಳೆಯೊಳಕ್ಕೆ. ಮಾರನೇ ದಿನದಿಂದ ಮತ್ತೆ ತಗಡಿನ ಸದ್ದು. ಒಂದು ವ್ಯತ್ಯಾಸ ಮಾತ್ರ ಇತ್ತು. ಬಚ್ಚಲಿಗೆ ಹೋಗುವಾಗ ಕಂಟ್ರೋಲರನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಒಂದು ಕೈಯಲ್ಲಿ ಕೋಲು, ಎದೆಯ ಮೇಲೆ ಉಬ್ಬಿದ ಅಂಗಿ. ನಾನು ಕಂಡೂ ಕಾಣದವಳಂತೆ ಇದ್ದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿ ಹೀಗೆ ಅನುಮಾನಕ್ಕೆ ಒಳಗಾದದ್ದು ಮೊದಲು. ನನ್ನ ಟೇಬಲ್ಲಿಗೆ ಪೀಸು ಹೊತ್ತು ತಂದು ನಿಲ್ಲುತ್ತಿದ್ದ ಟೈಲರುಗಳಿಗೆ ಹೇಗನ್ನಿಸುತ್ತಿತ್ತು ಎಂದು ಆಗ ಒಂದಿಷ್ಟು ತಿಳಿಯಿತು.

ಬೆಳಿಗ್ಗೆ ಇಳಿಜಾರು, ಸಾಕೆನಿಸಿದಾಗ ಕೆಳಗಿನ ಬಯಲಿನ ಊರುಗಳು. ಹೀಗೆ ಎರಡೂ ಕಡೆ ಆಡುತ್ತಿದ್ದರು. ಬಯಲಿನ ಒಂದು ಊರಲ್ಲಿ ಲಾರಿಗೆ ಪೆಟ್ಟಿಗೆಗಳನ್ನು ಜೋಡಿಸಬೇಕಿತ್ತು. ದೊಡ್ಡದು ಕೆಳಗೆ, ಸಣ್ಣದು ಮೇಲೆ, ಒಂದಕ್ಕೊಂದು ಸಂದಿಲ್ಲದೆ. ನಾಲ್ಕೈದು ಸಲ ತಪ್ಪಿದರು. ಅದೇ ಬರಹ ಬಂತು. ನಾನು ಬಾಗಿಲಿಂದಲೇ ನೋಡುತ್ತಿದ್ದೆ. ಅವರು ಒಂದು ಕ್ಷಣವೂ ಯೋಚಿಸದೆ ಹಸಿರು ಬಟನ್ ಒತ್ತಿದರು.

"ಇದೇನುಂಗ ಇದು?" ಎಂದೆ. "ಅಲ್ಲಿ ವೇಂಡಾಂ ಅಂದೋರು ಇಲ್ಲಿ ಒತ್ತೀರಾ?"

"ಅದು ಲೋಡ್‌ಮ್ಯಾನ್ ಕೆಲ್ಸ" ಎಂದರು. "ನಾನು ಡ್ರೈವರು."

ಆ ಮಾತನ್ನು ಎಷ್ಟು ನಂಬಬೇಕೋ ನನಗೆ ಗೊತ್ತಾಗಲಿಲ್ಲ. ತಮಗೆ ಬಾರದ್ದಕ್ಕೆ ಒಂದು ನ್ಯಾಯ, ಬರಬೇಕಾದದ್ದಕ್ಕೆ ಒಂದು ನ್ಯಾಯವೇ? ಮಗಳಿಗೆ ಹೇಳಿದರೆ ಅವಳು, "ಅದೇ ಮಾ ನಾನು ಹೇಳಿದ್ದು, ಒತ್ತೋದು ಬಿಡೋದು ಆಡೋರ ಇಷ್ಟ" ಎಂದಳು. ಗೆದ್ದವಳ ಹಾಗೆ ಹೇಳಿದಳು. ಆದರೆ ಆ ಬಟನ್ ಅಲ್ಲಿ ಇರದೇ ಹೋಗಿದ್ದರೆ ನಮ್ಮ ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಲೇ ಇರಲಿಲ್ಲ ಎಂಬುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇರದೇ ಹೋಗಿದ್ದರೆ ಹಳದಿ ಹೂವಿನ ಹೊಲವನ್ನು ಅವರು ನೋಡುತ್ತಲೂ ಇರಲಿಲ್ಲ ಎಂಬುದನ್ನು ನಾನೂ ತೆಗೆದುಕೊಳ್ಳಲಿಲ್ಲ.

ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಜೋರಾಗಿ ಬೀಸುವ ದಿನಗಳು ಅವು. ಒಂದು ಶನಿವಾರ ಮಧ್ಯಾಹ್ನ ಅವರು ನನ್ನನ್ನು ಕರೆದು ಪಕ್ಕದ ಸ್ಟೂಲಿನ ಮೇಲೆ ಕೂರಲು ಹೇಳಿದರು.

"ಯಾಕುಂಗ?"

"ಇವತ್ತು ಕೈ ಚೆನ್ನಾಗಿದೆ. ಆಮೇಲೆ ಯಾರು ಒತ್ತಿದ್ದು ಅಂತ ಮಾತು ಬರ್ಬಾರ್ದು. ಕೂತು ನೋಡು."

ಬೆಳ್ಳುಳ್ಳಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹತ್ತಿರದಿಂದ ಅವರ ಆಟ ನೋಡಿದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ಹೋಗುತ್ತ ಬರುತ್ತ ಕಂಡದ್ದು ಬಿಟ್ಟರೆ ಹೆಚ್ಚಾಗಿ ಸದ್ದನ್ನೇ ಕೇಳಿದ್ದೆ. ಮೊದಲ ನಾಲ್ಕು ತಿರುವು ಕಳೆಯುವ ಹೊತ್ತಿಗೆ ನಾನು ಬೆಳ್ಳುಳ್ಳಿ ಬಿಡಿಸುವುದು ಬಿಟ್ಟಿದ್ದೆ. ತಿರುವಿಗೆ ಬಹಳ ಮೊದಲೇ ವೇಗ ಇಳಿಸುತ್ತಿದ್ದರು. ಎದುರಿಂದ ಯಾರೂ ಬರದಿದ್ದರೂ ಹಾರ್ನ್ ಒತ್ತುತ್ತಿದ್ದರು. ಮಳೆಗಾಲದಲ್ಲಿ ವಾಲ್ಪಾರೈ ಇಳಿಯುವಾಗ ಹೀಗೇ ಇರುತ್ತಿದ್ದರೇನೋ. ಇಪ್ಪತ್ತೆರಡು ವರ್ಷದಲ್ಲಿ ನಾನು ಅವರ ಬಸ್ಸು ಹತ್ತಿದ್ದು ಎರಡೇ ಸಲ, ಎರಡು ಸಲವೂ ಕಣ್ಣು ಮುಚ್ಚಿಕೊಂಡಿದ್ದೆ.

ಒಂಬತ್ತನೆಯದು ಬಂತು. ಹೆಬ್ಬೆರಳು ಎಡಕ್ಕೆ ಹೋಯಿತು. ಅರ್ಧದಲ್ಲಿ ನಡುಗಿತು. ಅವರು ಹಲ್ಲು ಕಚ್ಚಿದರು, ಕತ್ತಿನ ನರ ಎದ್ದಿತು. ಲಾರಿಯ ಹಿಂದಿನ ಚಕ್ರ ರಸ್ತೆಯ ಅಂಚಿನ ಮಣ್ಣು ಕೆದರಿತು. ನಿಂತಿತೇ, ಹೋಯಿತೇ ಎನ್ನುವಾಗ ಮೂತಿ ತಿರುಗಿತು. ದಾಟಿತು. ಹತ್ತು, ಹನ್ನೊಂದು, ಉಳಿದ ಮೂರು. ಕೆಳಗಿನ ಊರಿನ ದೀಪಗಳು ಕಂಡವು.

ಅವರು ಕಂಟ್ರೋಲರನ್ನು ನನ್ನ ಮೊರದೊಳಗೆ ಇಟ್ಟರು, ಬೆಳ್ಳುಳ್ಳಿಯ ಮೇಲೆ. "ನೋಡ್ದೆ ತಾನೆ?" ಎಂದರು.

"ನೋಡ್ದೆಂಗ."

"ಟೀ ಹಾಕು. ಸಕ್ಕರೆ ಇರ್ಲಿ ಇವತ್ತು." ಮಗಳಿಗೆ ಫೋನ್ ಮಾಡಿ, ಅವಳು ಎತ್ತುವ ಮೊದಲೇ ಮಾತು ಶುರು ಮಾಡಿದ್ದರು. ನಾನು ಒಳಗೆ ಹೋಗಿ ಹಾಲು ಕಾಯಿಸಿದೆ, ಸಕ್ಕರೆ ಹಾಕಿದೆ, ಕಣ್ಣು ಒರೆಸಿಕೊಂಡೆ.

ಆದರೆ ಹಾಲು ಉಕ್ಕುವುದನ್ನು ಕಾಯುತ್ತ ನಿಂತಿದ್ದಾಗಲೇ ಒಂದು ವಿಷಯ ಚುಚ್ಚತೊಡಗಿತ್ತು. ಮಳೆ. ನಾನು ಹಸಿರು ಬಟನ್ ಒತ್ತುವ ಮೊದಲಿನ ವಾರಗಳಲ್ಲಿ ಅಡುಗೆಮನೆಗೂ ಕೇಳಿಸುವಂತೆ ಸುರಿಯುತ್ತಿದ್ದ ಮಳೆ ಅವತ್ತು ಅಷ್ಟಿರಲಿಲ್ಲ. ತಿರುವಿನ ಅಂಚಿನಲ್ಲಿ ಚಕ್ರ ಜಾರಿದಾಗ, ಬೀಳಬೇಕಾದ ಲಾರಿ ಒಂದು ಗಳಿಗೆ ಹೆಚ್ಚಾಗಿ ನಿಂತಂತೆ ಕಂಡಿತ್ತು. ನನ್ನ ಕಣ್ಣಿಗೆ ಇಂಥವು ಬೇಗ ಬೀಳುತ್ತವೆ. ಬೀಳದಿದ್ದರೆ ಚೆನ್ನಾಗಿತ್ತು.

ಸಂಜೆ ಮಹಡಿಯಲ್ಲಿ ಒಣಗಿದ ಬೆಡ್‌ಶೀಟ್ ತೆಗೆಯುವಾಗ ಮಗಳನ್ನು ಕೇಳಿದೆ. "ಬಹಳ ಸಲ ಸೋತ್ರೆ ಆ ಆಟ ತಾನಾಗೇ ಸುಲಭ ಆಗತ್ತಾ? ಕೇಳ್ದೆ, ಹೇಳ್ದೆ?"

ಅವಳು ಕ್ಲಿಪ್ ತೆಗೆಯುತ್ತಿದ್ದವಳು ನಿಂತಳು. "ಕೆಲವು ಆಟದಲ್ಲಿ ಹಂಗೆ ಇಡ್ತಾರಂತೆ. ಆಡೋರ್ಗೆ ಬೇಜಾರಾಗ್ಬಾರ್ದು ಅಂತ, ಗೊತ್ತಾಗ್ದಂಗೆ."

"ಇದ್ರಲ್ಲಿ?"

"ಗೊತ್ತಿಲ್ಲ ಮಾ. ಫೋನಲ್ಲಿ ಹುಡುಕಿದ್ರೆ ತಿಳ್ಯತ್ತೆ. ನೋಡ್ಲಾ?"

ಕೆಳಗೆ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು, ಇಸ್ತ್ರಿ ಬಟ್ಟೆ ತಂದವನಿಗೆ ಎಡ ಹೆಬ್ಬೆರಳನ್ನು ಮಡಚಿ ಬಿಚ್ಚಿ ತೋರಿಸುತ್ತಿದ್ದರು. ಅವನು ಬಟ್ಟೆಯ ಗಂಟನ್ನು ತಲೆಯಿಂದ ಇಳಿಸದೆ ಬಗ್ಗಿ ನೋಡುತ್ತಿದ್ದ.

"ಬೇಡ" ಎಂದೆ.

"ಯಾಕೆ? ನೀನೇ ತಾನೆ ಕೇಳಿದ್ದು?" ಅವಳು ನನ್ನನ್ನು ಓರೆಗಣ್ಣಿನಿಂದ ನೋಡಿದಳು. "ಮತ್ತೇನಾದ್ರೂ ಮಾಡಿದ್ಯಾ ಮಾ?"

"ನಾನೇನೂ ಮಾಡಿಲ್ಲ. ಈ ತುದಿ ಹಿಡಿ" ಎಂದು ಬೆಡ್‌ಶೀಟಿನ ಒಂದು ಕಡೆಯನ್ನು ಅವಳ ಕೈಗೆ ಕೊಟ್ಟೆ. ಗಾಳಿಗೆ ಅದು ನಮ್ಮಿಬ್ಬರ ನಡುವೆ ಉಬ್ಬಿ ನಿಂತಿತು. ಮಡಚಲು ಎರಡು ಮೂರು ಸಲ ಬೇಕಾಯಿತು.